ಗೆದ್ದ ಕಾರಿನ ಬಣ್ಣ

ಸಿದ್ದಾಪುರ
18 ಜನವರಿ 1937

ಇಸಾಕ್ ಭಾಯ್ಗೆ,

ಕ್ಷೇಮ ಸಮಾಚಾರ ಆಮೇಲೆ, ಮೊದಲು ಜಗಳ. ನಮ್ಮ ಬಸ್ಸು ಕಂಪನಿಯ ಅಂದಾನಪ್ಪ ಸಾವ್ಕಾರರ ಕಾರು ತೆಗೆದುಕೊಂಡು ನೀನು ಬೆಳಗಾವಿಗೆ ಮೋಟಾರು ಪಂದ್ಯ ನೋಡಲು ಹೋಗುತ್ತೀಯಂತೆ. ಇದನ್ನು ನೀನು ನನಗೆ ಹೇಳಲಿಲ್ಲ. ಶಿರಸಿಯಿಂದ ಟಯರು ತಂದವನು ಹೇಳಿದ. ಅವನು ಹೇಳುವಾಗ ನಾನು ನಿನ್ನದೇ ಬಸ್ಸಿನ ಅಡಿಯಲ್ಲಿ ಅಂಗಾತ ಮಲಗಿದ್ದೆ. ಹೊಸ ಬಾಡಿ ಕಟ್ಟಲು ಇಲ್ಲಿಗೆ ಬಂದಿದೆಯಲ್ಲ, ಆ ಬಸ್ಸು. ಗೇರು ಪೆಟ್ಟಿಗೆಯ ಕರಿ ಎಣ್ಣೆ ಮುಖದ ಮೇಲೆ ಬಿತ್ತು, ಒರೆಸಿಕೊಳ್ಳಲೂ ತೋಚಲಿಲ್ಲ.

ಹನ್ನೆರಡು ವರ್ಷದ ಹಿಂದೆ ನಾವಿಬ್ಬರೂ ಶಿರಸಿಯಲ್ಲಿ ಇಕ್ಬಾಲ್ ಉಸ್ತಾದರ ಕೈಕೆಳಗೆ ಕೆಲಸ ಕಲಿಯುವಾಗ, ವಿಲಾಯತಿ ಪತ್ರಿಕೆಯಿಂದ ಪಂದ್ಯದ ಕಾರಿನ ಚಿತ್ರ ಕತ್ತರಿಸಿದ್ದು ಯಾರು? ನಾನು. ನೋಡುವುದಾದರೆ ಇಬ್ಬರೂ ಒಟ್ಟಿಗೇ ನೋಡುವುದು ಎಂದು ಎಂಜಿನ್ನಿನ ಮೇಲೆ ಕೈಯಿಟ್ಟು ಆಣೆ ಹಾಕಿದ್ದು ಯಾರು? ನೀನು. ಆ ಚಿತ್ರ ಇಲ್ಲಿ ನನ್ನ ಗ್ಯಾರೇಜಿನ ಗೋಡೆಯ ಮೇಲೆ ಇನ್ನೂ ಇದೆ. ಮೂಲೆ ಗೆದ್ದಲು ತಿಂದಿದೆ, ಕಾರು ಹಾಗೇ ಇದೆ.

ನಮಗಿಬ್ಬರಿಗೂ ಒಂದೇ ದಿನ ಲೈಸನ್ಸು ಸಿಕ್ಕಿತು. ಆ ದಿನ ಸಾವ್ಕಾರರು ಹೇಳಿದ ಮಾತು ನನಗೆ ಕಂಠಪಾಠವಾಗಿದೆ: “ಇಸಾಕನ ಕಣ್ಣು ಗಾಡಿ ನಡಸ್ಲಿ, ನಾಗಪತಿ ಕಿವಿ ಗಾಡಿ ರಿಪೇರಿ ಮಾಡ್ಲಿ.” ಅಲ್ಲಿಗೆ ಮುಗಿಯಿತು. ನಿನಗೆ ಯಲ್ಲಾಪುರ–ಅಂಕೋಲೆಯ ಘಟ್ಟದ ಲೈನು, ನನಗೆ ಸಿದ್ದಾಪುರದಲ್ಲಿ ಬಸ್ಸಿನ ಹೊಟ್ಟೆ. ನಂದೊಳ್ಳಿಯಲ್ಲಿ ನಮ್ಮ ಮನೆಯವರು ನಾನು ಡ್ರೈವರನೆಂದೇ ತಿಳಿದಿದ್ದಾರೆ. ನಾನೇ ಹಾಗೆ ಹೇಳಿದ್ದೆ. ಅವರ ಊರಿನ ಹತ್ತಿರವೇ ನಿನ್ನ ಬಸ್ಸು ಓಡುತ್ತದೆ, ನನ್ನ ಸುಳ್ಳು ಇನ್ನೆಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ಹೊಟ್ಟೆಕಿಚ್ಚು ಎನ್ನುತ್ತೀಯಾ? ಹೌದು, ಹೊಟ್ಟೆಕಿಚ್ಚೇ. ಹೋಗು, ಆದರೆ ಎಲ್ಲ ಬರೆಯಬೇಕು. ಎಷ್ಟು ಕಾರು, ಯಾರು ಬಿದ್ದರು, ಯಾರು ಗೆದ್ದರು. ಚೆನ್ನಾಗಿತ್ತು ಎಂದು ಒಂದು ಸಾಲು ಬರೆದು ಕೈ ತೊಳೆದುಕೊಂಡರೆ ನಿನ್ನ ಬಸ್ಸಿನ ಬ್ರೇಕಿಗೆ ನಾನು ಜವಾಬ್ದಾರನಲ್ಲ.

ನನ್ನನ್ನು ಕಟ್ಟಿಕೊಂಡ ಹೊನ್ನಿ ಆರಾಮಿದ್ದಾಳೆ. ಮುಮ್ತಾಜ್ ಅತ್ತಿಗೆಗೆ, ಮಗಳು ಶಾಕಿರಾಗೆ ಕೇಳಿದೆನೆಂದು ಹೇಳು.

ನಾಗಪತಿ

*

ಯಲ್ಲಾಪುರ
23 ಜನವರಿ 1937

ದೋಸ್ತ ನಾಗಪತಿ,

ನಿನ್ನ ಕಾಗದವನ್ನು ಮುಮ್ತಾಜಳಿಗೆ ಓದಿ ಹೇಳಿದೆ. ನಿನ್ನ ಜಾಗದಲ್ಲಿ ಅವಳಿದ್ದರೆ ಇದಕ್ಕಿಂತ ಕೆಟ್ಟದಾಗಿ ಬೈಯುತ್ತಿದ್ದಳಂತೆ.

ನಂಬುವುದು ಬಿಡುವುದು ನಿನಗೆ ಬಿಟ್ಟದ್ದು. ಬೆಳಗಾವಿಯ ಮಾತು ಬಂದಾಗ ನಾನು ಸಾವ್ಕಾರರಿಗೆ ನಾಗಪತಿಯನ್ನು ಕರೆದುಕೊಂಡು ಹೋಗಿ ಎಂದೆ. ಒಂದು ಸಲವಲ್ಲ, ಎರಡು ಸಲ. ಅವನಿಗೂ ಲೈಸನ್ಸು ಇದೆ, ಆಸೆ ನನಗಿಂತ ಹೆಚ್ಚಿದೆ ಎಂದೆ. ಅವರು ಕೇಳಲಿಲ್ಲ. ಹುಬ್ಬಳ್ಳಿಯ ಆಚೆಯ ದಾರಿ ನನಗೆ ಗೊತ್ತಿಲ್ಲ. ಮುಂಚೆ ಹೊಸ ದಾರಿ ಎಂದರೆ ಕುಣಿಯುತ್ತಿದ್ದೆ, ಈಗ ಹಾಗಿಲ್ಲ. ನನ್ನ ಲೈನೇ ನನಗೆ ಸಾಕು ಅನ್ನಿಸುತ್ತದೆ.

ನೋಡಿದ್ದನ್ನೆಲ್ಲ ಬರೆಯುತ್ತೇನೆ, ಮಾತು ಕೊಟ್ಟೆ. ನನ್ನ ಬಸ್ಸನ್ನು ಬೇಗ ಮುಗಿಸಿಕೊಡು. ಸಾವ್ಕಾರರು ಬದಲಿಗೆ ಕೊಟ್ಟ ಗಾಡಿ ನನ್ನ ಮಾತು ಕೇಳುವುದಿಲ್ಲ.

ಇಸಾಕ್

*

ಸಿದ್ದಾಪುರ
28 ಜನವರಿ 1937

ಇಸಾಕ್ ಭಾಯ್,

ಹೊಸ ದಾರಿಗೆ ಹೆದರುವ ಡ್ರೈವರನನ್ನು ಇವತ್ತೇ ಕಂಡೆ. ಅರಬೈಲು ಘಟ್ಟವನ್ನು ಒಂದು ಕೈಯಲ್ಲಿ ಇಳಿಸುವವನಿಗೆ ಧಾರವಾಡದ ಬಯಲು ಸೀಮೆ ಕಷ್ಟವಂತೆ! ಎರಡು ಸಲ ನನ್ನ ಹೆಸರು ಹೇಳಿದೆ ಎನ್ನುತ್ತೀಯಲ್ಲ, ಅದು ನನ್ನ ಕಣ್ಣೊರೆಸುವ ಮಾತು ಎಂದು ನನಗೆ ತಿಳಿಯುವುದಿಲ್ಲವೇ? ಇರಲಿ. ಒರೆಸಿದ್ದಕ್ಕೆ ಉಪಕಾರವಾಯಿತು.

ನಾಗಪತಿ

*

ಬೆಳಗಾವಿ
8 ಫೆಬ್ರವರಿ 1937, ಸೋಮವಾರ

ದೋಸ್ತ ನಾಗಪತಿ,

ಸಾವ್ಕಾರರು ಬೀಗರ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ನಾನು ಹೊರಗೆ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ. ಹುಬ್ಬಳ್ಳಿ ದಾಟಿದ ಮೇಲೆ ಕಾರನ್ನು ಅವರೇ ಓಡಿಸಿದರು. ಅವರಿಗೆ ಓಡಿಸುವ ಹುಚ್ಚು, ನಾನು ಬೇಡವೆನ್ನಲಿಲ್ಲ.

ದಂಡಿನ ಪ್ರದೇಶದ ಆಚೆ ದೊಡ್ಡ ಬಯಲು. ಅದರ ಸುತ್ತ ಎರಡು ಮೈಲಿನ ಮಣ್ಣಿನ ರಸ್ತೆ. ನಾವು ಹಗ್ಗದ ಪಕ್ಕದಲ್ಲೇ ಕೂತೆವು, ನಾನು ಸಾವ್ಕಾರರ ಮಗ್ಗುಲಲ್ಲಿ. ಶನಿವಾರ ಒಬ್ಬೊಬ್ಬರೇ ಓಡಿಸಿದರು, ಯಾರಿಗೆ ಎಷ್ಟು ಹೊತ್ತು ಹಿಡಿಯಿತೆಂದು ಗಡಿಯಾರ ಹಿಡಿದು ಎಣಿಸಿದರು. ನಿನ್ನೆ ಹನ್ನೊಂದು ಕಾರು ಒಟ್ಟಿಗೆ, ಹತ್ತು ಸುತ್ತು.

ನಾಗಪತಿ, ಹೊರಡುವ ಮುಂಚೆ ಹನ್ನೊಂದೂ ಎಂಜಿನ್ನು ನಿಂತಲ್ಲೇ ಕೂಗುತ್ತವಲ್ಲ, ಆಗ ಎದೆಯ ಮೂಳೆ ನಡುಗಿತು. ಒಂಬತ್ತು ಕಾರು ನಾಲ್ಕು ಸಿಲಿಂಡರಿನವು, ಎರಡು ಆರರವು. ಬಾವುಟ ಬಿದ್ದಾಗ ಒಂದು ಕಾರು ಕ್ಲಚ್ಚನ್ನು ಬೇಗ ಬಿಟ್ಟು ಮುಗ್ಗರಿಸಿತು, ಉಳಿದವು ಅದನ್ನು ಬಳಸಿಕೊಂಡು ಹೋದವು. ಹೊಗೆಯಲ್ಲಿ ಎಂಥ ವಾಸನೆ ಗೊತ್ತೇ? ಹರಳೆಣ್ಣೆ! ನಮ್ಮಲ್ಲಿ ಮಕ್ಕಳ ಮೂಗು ಹಿಡಿದು ಕುಡಿಸುವ ಹರಳೆಣ್ಣೆಯನ್ನು ಸಾಹೇಬರು ಎಂಜಿನ್ನಿಗೆ ಕುಡಿಸುತ್ತಾರೆ.

ಎರಡನೇ ಸುತ್ತಿನಲ್ಲಿ ಒಬ್ಬ ಬಿದ್ದ. ಬೀಳುವ ಮುಂಚೆಯೇ ನನಗೆ ತಿಳಿಯಿತು. ನಮ್ಮ ಎದುರಿನ ತಿರುವಿಗೆ ಎಲ್ಲರೂ ಗೇರು ಇಳಿಸುವ ಜಾಗದಲ್ಲಿ ಅವನು ಇಳಿಸಲಿಲ್ಲ, ಸದ್ದು ಮೇಲೇ ಉಳಿಯಿತು. ಜನರೆಲ್ಲ ಒಟ್ಟಿಗೆ ಉಸಿರು ಎಳೆದುಕೊಂಡರು. ಆಮೇಲೆ ತಗಡು ನೆಲಕ್ಕೆ ಉಜ್ಜಿತು. ಅದೂ ನಿಂತ ಮೇಲೆ ಒಂದು ಚಕ್ರ ಮಾತ್ರ ಗಾಳಿಯಲ್ಲಿ ಸುತ್ತುತ್ತಿತ್ತು, ಅದರ ಬೇರಿಂಗು ಒಣಗಿತ್ತು. ಮನುಷ್ಯನಿಗೆ ಏನೂ ಆಗಲಿಲ್ಲ, ಬೈಯುತ್ತ ಎದ್ದ.

ಇನ್ನೊಂದಕ್ಕೆ ವಾಲ್ವು ಅಂಟುತ್ತಿತ್ತು. ಪ್ರತಿ ಸುತ್ತಿಗೂ ನಮ್ಮ ಮುಂದೆ ಬಂದು ಕೆಮ್ಮಿ ಹೋಗುತ್ತಿತ್ತು. ಆರನೇ ಸುತ್ತಿನ ಮೇಲೆ ಬರಲಿಲ್ಲ. ಗೆದ್ದದ್ದು ಆರು ಸಿಲಿಂಡರಿನ ಕಾರು. ಹೊಲಿಗೆ ಯಂತ್ರದಲ್ಲಿ ರೇಷ್ಮೆ ಹೊಲಿದ ಹಾಗೆ ಓಡಿತು. ಹತ್ತು ಸುತ್ತಿನಲ್ಲಿ ಅವನು ಒಂದು ಸಲವೂ ಗೇರನ್ನು ಉಜ್ಜಲಿಲ್ಲ. ಆಗ ನೀನು ಪಕ್ಕದಲ್ಲಿ ಇರಬೇಕಿತ್ತು ಎಂದು ನಿಜವಾಗಿ ಅನ್ನಿಸಿತು.

ಸಾವ್ಕಾರರು ಕೈ ತೊಳೆಯುತ್ತಿದ್ದಾರೆ. ಮುಗಿಸುತ್ತೇನೆ.

ಇಸಾಕ್

*

ಸಿದ್ದಾಪುರ
13 ಫೆಬ್ರವರಿ 1937

ಇಸಾಕ್ ಭಾಯ್,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ನಾಲ್ಕನೇ ಸಲ ಗ್ಯಾರೇಜಿನಲ್ಲಿ ಎಲ್ಲರನ್ನೂ ಕೂರಿಸಿ ಗಟ್ಟಿಯಾಗಿ ಓದಿದೆ. ಕೆಮ್ಮುವ ಕಾರನ್ನು ನಾನೇ ಕೆಮ್ಮಿ ತೋರಿಸಿದೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನೆಗೆ ಹೋಗಿ ಊಟ ಮಾಡಲಿಲ್ಲ. ಹೊನ್ನಿ ಜ್ವರವೇ ಎಂದು ಹಣೆ ಮುಟ್ಟಿ ನೋಡಿದಳು. ಏನು ಹೇಳಲಿ ಅವಳಿಗೆ? ನಿನ್ನ ಕಾಗದ ಅಷ್ಟು ಚೆನ್ನಾಗಿತ್ತು, ಅದಕ್ಕೇ ಹೊಟ್ಟೆ ಉರಿಯಿತು. ಕೆಟ್ಟದಾಗಿ ಬರೆದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಒಂದು ವಿಷಯ ನೀನು ಬರೆದಿಲ್ಲ. ನಿನ್ನ ಬಸ್ಸಿನ ಬಾಡಿ ಕಟ್ಟುತ್ತಿರುವ ಬಡಗಿ ಜಟ್ಟಪ್ಪ ಕಾಗದ ಕೇಳಿದ ಮೇಲೆ ಪಟ್ಟು ಹಿಡಿದಿದ್ದಾನೆ. “ಗೆದ್ದದ್ದು ಎಂತ ಬಣ್ಣ ಅಂತೆ? ಇಸಾಕ್ ಸಾಬ್ರ ಬಸ್ಸಿಗೆ ಅದನ್ನೇ ಹೊಡಿತೆ” ಎನ್ನುತ್ತಾನೆ. ಬೇಗ ಬರೆ, ಡಬ್ಬಿ ತೆರೆದು ಕೂತಿದ್ದಾನೆ.

ನಾಗಪತಿ

*

ಯಲ್ಲಾಪುರ
17 ಫೆಬ್ರವರಿ 1937

ದೋಸ್ತ ನಾಗಪತಿ,

ಹಸಿರು ಎಂದು ಹೇಳು ಜಟ್ಟಪ್ಪನಿಗೆ. ಕಡು ಹಸಿರು.

ಮುಂದಿನ ವಾರ ಬಕ್ರೀದು. ಹೊನ್ನಿಯನ್ನು ಕರೆದುಕೊಂಡು ಬಾ ಎಂದು ಮುಮ್ತಾಜ್ ಹೇಳಿದ್ದಾಳೆ. ನಿಮಗೆ ಬೇರೆ ಪಾತ್ರೆಯಲ್ಲಿ ಶಾವಿಗೆ ಪಾಯಸ ಮಾಡುತ್ತಾಳಂತೆ. ಪಂದ್ಯದ ಮಾತು ಇನ್ನು ಸಾಕು. ಎಷ್ಟು ದಿನ ಅದನ್ನೇ ಹಿಡಿದುಕೊಂಡು ಕೂರುವುದು?

ಇಸಾಕ್

*

ಸಿದ್ದಾಪುರ
26 ಫೆಬ್ರವರಿ 1937

ಇಸಾಕ್,

ಬಕ್ರೀದಿಗೆ ಯಾಕೆ ಬರಲಿಲ್ಲವೆಂದು ಈ ಕಾಗದ ಓದಿದರೆ ತಿಳಿಯುತ್ತದೆ.

ಜಟ್ಟಪ್ಪನ ಅಳಿಯ ಹುಬ್ಬಳ್ಳಿಯಿಂದ ಬಂದವನು ಒಂದು ಪತ್ರಿಕೆ ತಂದಿದ್ದ. ಬೆಳಗಾವಿಯ ಪಂದ್ಯದ ವರದಿ ಅದರಲ್ಲಿದೆ. ಗೆದ್ದದ್ದು ಕೆಂಪು ಕಾರು. ಎರಡನೇ ಸುತ್ತಿನಲ್ಲಿ ಮಗುಚಿದ್ದು ಹಸಿರು. ಇಷ್ಟರಲ್ಲಿ ಜಟ್ಟಪ್ಪ ನಿನ್ನ ಬಸ್ಸಿನ ಒಂದು ಬದಿಗೆ ಪೂರ್ತಿ ಹಸಿರು ಹೊಡೆದು ಮುಗಿಸಿದ್ದ. ಬಿದ್ದ ಕಾರಿನ ಬಣ್ಣವನ್ನು ಬಸ್ಸಿಗೆ ಬಳಿದೆನಲ್ಲ ಎಂದು ಅವನು ಹಲ್ಲು ಕಡಿಯುತ್ತಿದ್ದಾನೆ.

ನಾನು ನಿನ್ನ ಕಾಗದವನ್ನು ಮತ್ತೆ ತೆಗೆದು ಓದಿದೆ. ಈ ಸಲ ರಿಪೇರಿಯವನ ಹಾಗೆ ಓದಿದೆ. ಅದರಲ್ಲಿ ಬರೀ ಸದ್ದು ಇದೆ ಇಸಾಕ್. ಒಂದು ಬಣ್ಣವಿಲ್ಲ, ಒಂದು ನಂಬರಿಲ್ಲ, ಒಬ್ಬ ಮನುಷ್ಯನ ಮುಖವಿಲ್ಲ. ನೀನು ಹಗ್ಗದ ಪಕ್ಕದಲ್ಲಿ ಕೂತೇ ಇರಲಿಲ್ಲ. ಸಾವ್ಕಾರರು ನಿನ್ನನ್ನು ಹೊರಗೆ ಕಾರು ಕಾಯಲು ಬಿಟ್ಟಿದ್ದರು. ಅಲ್ಲೇ ಕಾರಿನಲ್ಲಿ ಕೂತು ಕಿವಿಯಿಂದ ಪಂದ್ಯ ನೋಡಿ ನನಗೆ ಕಥೆ ಕಟ್ಟಿ ಕಳಿಸಿದೆ. ಹೊರಗಿದ್ದೆ ಎಂದು ಬರೆದಿದ್ದರೆ ನಿನ್ನ ಮರ್ಯಾದೆ ಏನು ಹೋಗುತ್ತಿತ್ತು? ನಾನೂ ನೀನೂ ಒಂದೇ ಎಂದು ಸಮಾಧಾನವಾದರೂ ಆಗುತ್ತಿತ್ತು. ನನ್ನ ಹೊಟ್ಟೆ ಉರಿಸಲೆಂದೇ ಬರೆದೆ.

ನಿನ್ನೆ ಸಾವ್ಕಾರರು ಇಲ್ಲಿಗೆ ಬಂದಿದ್ದರು. ಒಂದು ಬದಿ ಹಸಿರು ನೋಡಿ ಕೇಳಿದರು. ನಾನು ನಿನ್ನ ಎರಡೂ ಕಾಗದ ಅವರ ಕೈಗೆ ಕೊಟ್ಟೆ. ನಗಲಿ ಎಂದೇ ಕೊಟ್ಟೆ, ಮುಚ್ಚಿಡುವುದಿಲ್ಲ. ಅವರು ನಗಲಿಲ್ಲ. ಬಾಗಿಲ ಬೆಳಕಿಗೆ ಹೋಗಿ ಎರಡು ಸಲ ಓದಿದರು. “ಹಸರು ಅಂತ ಅವನ ಕೈಲೇ ಬರದಾನೇನು?” ಎಂದರು. ಹೌದು ಎಂದೆ. ಇಸಾಕನನ್ನು ಒಳಗೆ ಬಿಟ್ಟಿರಲಿಲ್ಲವೇ ಎಂದು ಕೇಳಿದೆ. ಅವರು ಕಾಗದ ಮಡಿಸಿ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಚಹಾ ಸಹ ಕುಡಿಯದೆ ಹೊರಟರು. ನಿನ್ನನ್ನು ಹೊರಗೆ ಕೂರಿಸಿದ್ದಕ್ಕೆ ಅವರಿಗೇ ನಾಚಿಕೆಯಾಗಿರಬೇಕು.

ನಾಗಪತಿ

*

ಸಿದ್ದಾಪುರ
9 ಮಾರ್ಚ್ 1937

ಇಸಾಕ್,

ನೀನು ಉತ್ತರ ಬರೆಯುವುದಿಲ್ಲವೆಂದು ಕಾಣುತ್ತದೆ. ಬೇಡ ಬಿಡು. ಸಾವ್ಕಾರರಿಂದ ನನಗೆ ಚೀಟಿ ಬಂದಿದೆ. ಏಪ್ರಿಲ್ ಒಂದನೇ ತಾರೀಖಿನಿಂದ ನಾನು ಯಲ್ಲಾಪುರ–ಅಂಕೋಲೆ ಲೈನು ಓಡಿಸಬೇಕಂತೆ. ನಿನ್ನ ಲೈನು, ನಿನ್ನ ಬಸ್ಸು.

ಚೀಟಿ ಓದಿ ಒಂದು ಗಳಿಗೆ ಕುಣಿದೆ. ಆಮೇಲೆ ಕೂತು ಯೋಚಿಸಿದೆ. ನಿನಗೆ ಇದಕ್ಕಿಂತ ದೊಡ್ಡದು ಸಿಕ್ಕಿರಬೇಕು. ಹುಬ್ಬಳ್ಳಿ ಲೈನೋ, ಸಾವ್ಕಾರರ ಕಾರೋ. ಬೆಳಗಾವಿಗೆ ಕಾರಿನಲ್ಲಿ ಅವರ ಪಕ್ಕದಲ್ಲಿ ಕೂತು ಹೋಗಿ ಬಂದದ್ದು ಸುಮ್ಮನೆ ಆಗಲಿಲ್ಲ. ನೀನು ಉಟ್ಟು ಬಿಟ್ಟದ್ದು ನನಗೆ. ಆಗಲಿ, ಅದನ್ನೇ ಉಡುತ್ತೇನೆ. ನಂದೊಳ್ಳಿಯವರು ನನ್ನನ್ನು ಸ್ಟೀರಿಂಗಿನ ಹಿಂದೆ ನೋಡಿದರೆ ಸಾಕು. ಯಾವ ಲೈನು ಸಿಕ್ಕಿತು ಎಂದು ಒಂದು ಸಾಲು ಬರೆ. ಹೊಟ್ಟೆಕಿಚ್ಚು ಪಡಲಿಕ್ಕಾದರೂ ತಿಳಿಯಬೇಕಲ್ಲ.

ನಾಗಪತಿ

*

ಯಲ್ಲಾಪುರ
14 ಮಾರ್ಚ್ 1937

ನಾಗಪತಿ,

ನನಗೆ ಯಾವ ಲೈನೂ ಸಿಕ್ಕಿಲ್ಲ. ನನ್ನ ಲೈಸನ್ಸು ಸಾವ್ಕಾರರ ಪೆಟ್ಟಿಗೆಯಲ್ಲಿದೆ.

ನನ್ನ ಎರಡೂ ಕಣ್ಣಿಗೆ ಪೊರೆ ಬರುತ್ತಿದೆ. ಎರಡು ವರ್ಷವಾಯಿತು. ಹತ್ತಿರದ ಅಕ್ಷರ ಕಾಣುತ್ತದೆ, ಅದಕ್ಕೇ ಕಾಗದ ಬರೆಯಬಲ್ಲೆ. ದೂರದ್ದು ಕಾಣುವುದಿಲ್ಲ. ಬಿಸಿಲಿನಲ್ಲಂತೂ ಎಲ್ಲ ಕದಡಿದ ಮಜ್ಜಿಗೆಯ ಹಾಗೆ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಪೊರೆ ಹಣ್ಣಾದ ಮೇಲೆ ತೆಗೆಯಬಹುದು, ಅಲ್ಲಿಯವರೆಗೆ ಕಾಯಬೇಕು ಎಂದರು. ಕಾಯುವಷ್ಟು ದಿನ ಹೇಗಾದರೂ ದೂಡೋಣ ಎಂದುಕೊಂಡೆ. ಮುಮ್ತಾಜಳಿಗೆ ಗೊತ್ತು. ಕಂಡಕ್ಟರ್ ಸೋಮನಿಗೆ ಅರ್ಧ ಗೊತ್ತು, ಪಕ್ಕದಲ್ಲಿ ನಿಂತು ದನ, ಗಾಡಿ ಎಂದು ಕೂಗುತ್ತಿದ್ದ. ನಿನಗೆ ಹೇಳಲಿಲ್ಲ. ನೀನು ಸ್ಟೀರಿಂಗಿಗೆ ಎಷ್ಟು ವರ್ಷದಿಂದ ಆಸೆಪಟ್ಟಿದ್ದೀಯೆಂದು ನನಗೆ ಗೊತ್ತಿತ್ತು. ಹೇಳಲು ಹೆದರಿದೆ.

ನಿನ್ನ ಹೆಸರನ್ನು ಸಾವ್ಕಾರರ ಮುಂದೆ ಎರಡು ಸಲ ಹೇಳಿದ್ದು ನಿಜ. ಹೊಸ ದಾರಿಯಲ್ಲಿ ಸಿಕ್ಕಿಬೀಳುತ್ತೇನೆಂದು ಹೆದರಿ ಹಾಗೆ ಹೇಳಿದೆ. ಹುಬ್ಬಳ್ಳಿಯ ಆಚೆ ಅವರಿಗೆ ಸ್ಟೀರಿಂಗು ಬಿಟ್ಟುಕೊಟ್ಟದ್ದೂ ಅದಕ್ಕೇ. ಹಗ್ಗದ ಪಕ್ಕದಲ್ಲಿ ಕೂತದ್ದೂ ನಿಜ. ಕಾರುಗಳು ಸದ್ದಾಗಿ ಬಂದವು, ಸದ್ದಾಗಿ ಹೋದವು. ಇಕ್ಬಾಲ್ ಉಸ್ತಾದರು ಬಿದಿರು ಕೋಲನ್ನು ಎಂಜಿನ್ನಿಗೂ ಕಿವಿಗೂ ಹಚ್ಚಿ ನಮಗೆ ಕಲಿಸಿದ್ದರಲ್ಲ, ಅಷ್ಟೇ ನನ್ನ ಹತ್ತಿರ ಇದ್ದದ್ದು. ನೀನು ಬಣ್ಣ ಕೇಳಿದೆ. ಜನ ಹಸಿರು, ಹಸಿರು ಎಂದು ಕೂಗಿದ್ದು ನೆನಪಿತ್ತು. ಗೆದ್ದವನಿಗೆ ಕೂಗಿದರೆಂದು ತಿಳಿದಿದ್ದೆ. ಬಿದ್ದವನಿಗೆ ಕೂಗಿದ್ದಂತೆ.

ಆ ಹಸಿರು ಕಾರು ಬಿದ್ದದ್ದು ನಮ್ಮಿಂದ ಇಪ್ಪತ್ತು ಹೆಜ್ಜೆಯಲ್ಲಿ. ಸಾವ್ಕಾರರು ಎದ್ದು ನಿಂತು ನನ್ನ ಭುಜ ಹಿಡಿದು ಅಲುಗಿಸಿದ್ದರು. ಹಾಗೆ ನೋಡಿದವನು ಗೆದ್ದದ್ದು ಹಸಿರು ಎಂದು ಬರೆದರೆ ಅವರಿಗೆ ಏನು ತಿಳಿಯಬೇಕೋ ಅದು ತಿಳಿಯಿತು. ನನ್ನನ್ನು ಶಿರಸಿಗೆ ಕರೆಸಿದರು. ಅಂಗಡಿಯ ಮೆಟ್ಟಿಲ ಮೇಲೆ ನಿಲ್ಲಿಸಿ, “ಆ ಗಾಡಿ ನಂಬರ ಓದು ನೋಡೂಣು” ಎಂದರು. ಯಾವ ಗಾಡಿ ಎಂದು ಕೇಳಿಬಿಟ್ಟೆ. ಅವರು ಮುಖ ತಿರುಗಿಸಿಕೊಂಡರು. ಆಮೇಲೆ ನನ್ನ ಕಾಗದವನ್ನು ಮುಂದೆ ಇಟ್ಟು, ಇದು ನಾಗಪತಿ ಕೊಟ್ಟದ್ದು ಎಂದರು.

ನನಗೆ ಸಿಟ್ಟಿದೆ. ಬಹಳ ಸಿಟ್ಟಿದೆ. ನಿನ್ನೊಬ್ಬನಿಗೆ ಬರೆದ ಕಾಗದವನ್ನು ನೀನು ಇನ್ನೊಬ್ಬರು ನಗಲಿ ಎಂದು ಕೊಟ್ಟೆ.

ಇನ್ನೊಂದು ಮಾತನ್ನೂ ಬರೆಯುತ್ತೇನೆ. ಬರೆಯದಿದ್ದರೆ ಅದೂ ಸುಳ್ಳಾಗುತ್ತದೆ. ಜನವರಿಯಲ್ಲಿ ಇಡಗುಂದಿಯ ಹತ್ತಿರ ಒಂದು ಕರುವಿನ ಮೇಲೆ ಆ ಬದಲಿ ಬಸ್ಸು ಹತ್ತಿಸಿದೆ. ಸೋಮ ಕೂಗುವಷ್ಟರಲ್ಲಿ ತಡವಾಗಿತ್ತು. ಅದರ ಹಿಂದೆ ಐದಾರು ವರ್ಷದ ಹುಡುಗಿ ಹಗ್ಗ ಹಿಡಿದು ನಿಂತಿದ್ದಳಂತೆ. ನನಗೆ ಕರುವೂ ಕಾಣಲಿಲ್ಲ, ಹುಡುಗಿಯೂ ಕಾಣಲಿಲ್ಲ. ಅವಳು ಅಳುವುದು ಮಾತ್ರ ಕೇಳಿತು. ಅದಾದ ಮೇಲೂ ಓಡಿಸಿದೆ. ನೀನು ಮಾಡಿದ್ದು ಒಳ್ಳೆಯದೇ ಆಯಿತು ಎಂದು ಮುಮ್ತಾಜ್ ಹೇಳುತ್ತಾಳೆ. ಅವಳ ಮಾತು ಸರಿ. ಆದರೆ ನಿನಗೆ ಉಪಕಾರ ಹೇಳಲು ನನ್ನಿಂದಾಗದು, ಕೇಳಬೇಡ.

ಇಸಾಕ್

*

ಸಿದ್ದಾಪುರ
18 ಮಾರ್ಚ್ 1937

ಇಸಾಕ್ ಭಾಯ್,

ನಾನು ಆ ಲೈನಿಗೆ ಹೋಗುವುದಿಲ್ಲ. ಸಾವ್ಕಾರರಿಗೆ ಹೇಳಿ ಕಳಿಸುತ್ತೇನೆ. ಹೊನ್ನಿಗೆ ನಿನ್ನ ಕಾಗದ ಓದಿ ಹೇಳಿದೆ. “ಅವ್ರ ಜಾಗ ನಮ್ಗೆಂತಕ್ಕೆ” ಎಂದು ಒಳಗೆ ಹೋದಳು.

ನಾಗಪತಿ

*

ಯಲ್ಲಾಪುರ
22 ಮಾರ್ಚ್ 1937

ನಾಗಪತಿ,

ಹುಚ್ಚು ಮಾಡಬೇಡ. ನೀನು ಬರದಿದ್ದರೆ ಘಟ್ಟ ಗೊತ್ತಿಲ್ಲದ ಯಾವನನ್ನೋ ಹಾಕುತ್ತಾರೆ. ಅವನು ನನ್ನ ಬಸ್ಸನ್ನು ಒಂದು ಮಳೆಗಾಲದಲ್ಲಿ ಹಾಳು ಮಾಡುತ್ತಾನೆ. ನನ್ನನ್ನು ಸಿದ್ದಾಪುರಕ್ಕೆ, ನಿನ್ನ ಗ್ಯಾರೇಜಿಗೆ ಕಳಿಸುತ್ತಿದ್ದಾರೆ. “ಕಣ್ಣು ಹೋದ್ರ ಹೋಗ್ಲಿ, ಕಿವಿ ಅದಾವಲ್ಲ ಇನ್ನ” ಎಂದರು ಸಾವ್ಕಾರರು. ನಿನ್ನ ಬಿದಿರು ಕೋಲನ್ನು ಬಿಟ್ಟು ಬಾ. ಗೋಡೆಯ ಚಿತ್ರವನ್ನೂ ಬಿಟ್ಟು ಬಾ.

ದಾರಿ ಹೇಳುತ್ತೇನೆ, ಕೇಳು. ಇಡಗುಂದಿಯ ಮೋರಿಯ ಮೇಲೆ ಚಕ್ರದ ಸದ್ದು ಟೊಳ್ಳಾಗುತ್ತದೆ. ಅಲ್ಲಿಂದ ಎಂಟು ಎಣಿಸಿ ಎಡಕ್ಕೆ ತಿರುಗಿಸು, ಏಳಕ್ಕೆ ತಿರುಗಿಸಿದರೆ ಮಣ್ಣು ಸಡಿಲ. ಏರುವಾಗ ಎಂಜಿನ್ನು ಗೊಣಗುವ ಮುಂಚೆ ಎರಡನೇ ಗೇರು. ಅರಬೈಲಿನ ಮೂರನೇ ತಿರುವಿನಲ್ಲಿ ಹಾರ್ನು ಹಾಕಿದರೆ ಗುಡ್ಡದಿಂದ ಸದ್ದು ವಾಪಸು ಬರುತ್ತದೆ. ಮಂಕಾಗಿ ಬಂದರೆ ಎದುರಿಗೆ ಹುಲ್ಲಿನ ಗಾಡಿ ಇದೆಯೆಂದು ನಿಲ್ಲಿಸು. ನಿನಗೆ ಕಣ್ಣಿದೆ, ಇದು ಯಾವುದೂ ಬೇಕಾಗಲಿಕ್ಕಿಲ್ಲ. ಆದರೂ ಬರೆದಿದ್ದೇನೆ.

ಇಸಾಕ್

*

ಬೆಳಗಾವಿ
7 ಫೆಬ್ರವರಿ 1938, ಸೋಮವಾರ

ಇಸಾಕ್ ಭಾಯ್ಗೆ,

ಹತ್ತು ತಿಂಗಳಾಯಿತು, ನಾನೂ ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಈ ವರ್ಷ ಸಾವ್ಕಾರರು ನನ್ನನ್ನು ಕರೆದುಕೊಂಡು ಬಂದಿದ್ದಾರೆ. ಅದೇ ಬಯಲು, ಅದೇ ಹಗ್ಗ. ನೀನು ಕೂತ ಜಾಗ ಯಾವುದು ಎಂದು ಕೇಳಿದೆ, ಅವರು ತೋರಿಸಿದರು, ಅಲ್ಲೇ ಕೂತೆ.

ಈ ಸಲ ಒಂಬತ್ತು ಕಾರು. ಎಲ್ಲ ಬರೆಯುತ್ತೇನೆ. ಗೆದ್ದದ್ದು ನೀಲಿ, ಮೂತಿಯ ಮೇಲೆ ಬಿಳಿ ಪಟ್ಟೆ, ನಂಬರು ನಾಲ್ಕು. ಎರಡನೆಯದು ಕಳೆದ ವರ್ಷ ಗೆದ್ದ ಕೆಂಪು ಕಾರು. ಕೆಂಪೆಂದರೆ ಒಣ ಮೆಣಸಿನಕಾಯಿಯ ಕೆಂಪು. ಓಡಿಸಿದವನು ತೆಳ್ಳಗೆ, ಕನ್ನಡಕ ತೆಗೆದಾಗ ಕಣ್ಣಿನ ಸುತ್ತ ಮಾತ್ರ ಧೂಳಿಲ್ಲ. ಹಸಿರು ಈ ವರ್ಷವೂ ಬಂದಿತ್ತು, ಬೀಳಲಿಲ್ಲ, ಐದನೆಯದಾಯಿತು. ಮೂರು ಬೂದಿ ಬಣ್ಣದವು, ಒಂದು ಕಪ್ಪು, ಒಂದು ಹಳದಿ, ಒಂದಕ್ಕೆ ಬಣ್ಣವೇ ಇಲ್ಲ, ಬರೀ ತಗಡು. ಹಗ್ಗದ ಆಚೆ ಒಬ್ಬಳು ಮೇಮ್ಸಾಹೇಬಳು ಗುಲಾಬಿ ಕೊಡೆ ಹಿಡಿದಿದ್ದಳು. ಪ್ರತಿ ಕಾರು ಹಾದಾಗಲೂ ಗಾಳಿಗೆ ಅದು ಹಿಂದುಮುಂದಾಗುತ್ತಿತ್ತು.

ಇಷ್ಟು ಬರೆದು ಓದಿ ನೋಡಿದೆ. ನಿನ್ನ ಕಾಗದದ ಅರ್ಧಕ್ಕೂ ಬರುವುದಿಲ್ಲ. ಆರನೇ ಸುತ್ತಿನಲ್ಲಿ ನಾನು ಕಣ್ಣು ಮುಚ್ಚಿ ಕೂತೆ. ನಿನ್ನ ಹಾಗೆ ಕೇಳೋಣವೆಂದು. ಗಲಾಟೆ ಬಿಟ್ಟರೆ ಏನೂ ಕೇಳಲಿಲ್ಲ. ಯಾವುದು ನಾಲ್ಕು ಸಿಲಿಂಡರು, ಯಾವುದು ಆರು, ಒಂದೂ ಬಿಡಿಸಲಾಗಲಿಲ್ಲ. ಸಾವ್ಕಾರರು ಅಂದು ನನ್ನ ಕಿವಿಯನ್ನು ಹೊಗಳಿದ್ದರು. ಕಣ್ಣೂ ನಿನ್ನದಾಗಿತ್ತು, ಕಿವಿಯೂ ನಿನ್ನದೇ ಎಂದು ನಿನ್ನೆ ತಿಳಿಯಿತು.

ನಾನು ಮೊದಲ ದಿನ ಬಸ್ಸು ತೆಗೆದುಕೊಂಡು ಯಲ್ಲಾಪುರ ಬಿಟ್ಟಾಗ ನಂದೊಳ್ಳಿಯಿಂದ ದೇವಕ್ಕ ದೊಡ್ಡಮ್ಮ ತೆಂಗಿನಕಾಯಿ ಹಿಡಿದು ಬಂದು ನಿಂತಿದ್ದಳು. ಎಷ್ಟು ವರ್ಷದಿಂದ ಕನಸು ಕಂಡದ್ದು! ಕಾಯಿ ಒಡೆದು ನನ್ನ ಮುಖ ನೋಡಿ, “ಇಸಾಕ್ ಸಾಬ್ರಿಗೆ ಎಂತಾ ಆತಾ?” ಎಂದು ಕೇಳಿದಳು. ಈಗಲೂ ದಿನಕ್ಕೊಬ್ಬರಾದರೂ ಕೇಳುತ್ತಾರೆ. ನಿನ್ನ ಸೀಟಿನಲ್ಲಿ ಕೂತು ನಿನ್ನ ಮೇಲೇ ಹೊಟ್ಟೆಕಿಚ್ಚು ಪಡುತ್ತಿದ್ದೇನೆ ಇಸಾಕ್ ಭಾಯ್. ಇದಕ್ಕೆ ಮದ್ದಿಲ್ಲವೆಂದು ಕಾಣುತ್ತದೆ.

ಆ ಕಾಗದವನ್ನು ನಾನು ಕೊಡಬಾರದಿತ್ತು. ತಪ್ಪು ನನ್ನದು. ಇಷ್ಟು ಬರೆಯಲು ಹತ್ತು ತಿಂಗಳು ಬೇಕಾಯಿತು.

ನಾಗಪತಿ

*

ಸಿದ್ದಾಪುರ
13 ಫೆಬ್ರವರಿ 1938

ದೋಸ್ತ ನಾಗಪತಿ,

ನಿನ್ನ ಕಾಗದವನ್ನು ಮೂಗಿಗೆ ಹತ್ತಿರ ಹಿಡಿದು ನಾನೇ ಓದಿದೆ. ಶಾಕಿರಾ ಓದುತ್ತೇನೆಂದಳು, ಕೊಡಲಿಲ್ಲ. ಗುಲಾಬಿ ಕೊಡೆ ಓದಿದಾಗ ಕಾಗದ ಕೆಳಗಿಟ್ಟು ಎದ್ದು ಹೋದೆ. ಕಳೆದ ವರ್ಷವೂ ಅಲ್ಲಿ ಯಾರಾದರೂ ಕೊಡೆ ಹಿಡಿದಿದ್ದರೇನೋ. ನನ್ನ ಎದುರಿಗೇ ಇದ್ದಿರಬಹುದು. ಹೊಟ್ಟೆಕಿಚ್ಚು ಎಂದರೆ ಏನೆಂದು ನೀನು ಎಷ್ಟೋ ಸಲ ಬರೆದಿದ್ದೆ, ನಾನು ನಕ್ಕಿದ್ದೆ. ಈಗ ತಿಳಿಯಿತು, ಅದು ನಿಜವಾಗಿ ಹೊಟ್ಟೆಯಲ್ಲೇ ಆಗುತ್ತದೆ.

ಪೊರೆ ಹಣ್ಣಾಗಿದೆಯಂತೆ. ಏಪ್ರಿಲಿನಲ್ಲಿ ಹುಬ್ಬಳ್ಳಿಯಲ್ಲಿ ತೆಗೆಯುತ್ತಾರೆ. ದಪ್ಪ ಕನ್ನಡಕ ಕೊಡುತ್ತಾರೆ, ಬಣ್ಣ ಕಾಣುತ್ತದೆ ಎಂದಿದ್ದಾರೆ. ಸ್ಟೀರಿಂಗಿನ ಮಾತನ್ನು ಸಾವ್ಕಾರರು ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಮುಂದಿನ ವರ್ಷ ಹಗ್ಗದ ಪಕ್ಕದಲ್ಲಿ ಇಬ್ಬರಿಗೆ ಜಾಗ ಹಿಡಿ. ನೀನು ಬಾಯಿ ಮುಚ್ಚಿ ಕೂರಬೇಕು. ನನಗೆ ಯಾರೂ ಬಣ್ಣ ಹೇಳಿಕೊಡುವುದು ಬೇಡ.

ಕಳೆದ ಮಂಗಳವಾರ ಬಸ್ಸು ಗ್ಯಾರೇಜಿಗೆ ಬಂತು. ಜಟ್ಟಪ್ಪ ಹಸಿರಿನ ಮೇಲೆ ಕೆಂಪು ಹೊಡೆದಿದ್ದಾನಲ್ಲ, ಎಡ ಬದಿಯಲ್ಲಿ ಉಜ್ಜಿಹೋಗಿ ಹಸಿರು ಇಣುಕುತ್ತಿದೆ. ಇಡಗುಂದಿಯ ತಿರುವಿನಲ್ಲಿ ನೀನು ಏಳಕ್ಕೇ ತಿರುಗಿಸುತ್ತಿದ್ದೀಯ, ಪಕ್ಕದ ಮಣ್ಣಿನ ದರೆಗೆ ತಾಗುತ್ತಿದೆ. ಗೇರು ಪೆಟ್ಟಿಗೆಗೆ ಕೋಲು ಹಚ್ಚಿ ಕೇಳಿದೆ. ಏರಿನಲ್ಲಿ ಎರಡನೇ ಗೇರಿಗೆ ತಡವಾಗಿ ಬರುತ್ತೀಯ, ಹಲ್ಲುಗಳು ಸವೆದಿವೆ. ಎಂಟು ಎಣಿಸು ಎಂದು ಬರೆದಿದ್ದೆನಲ್ಲ. ಸ್ವಲ್ಪ ನಿಗಾ ಇಟ್ಟು ಓಡಿಸು ನನ್ನ ಬಸ್ಸನ್ನು.

ನನ್ನ ಬಸ್ಸು ಎಂದು ಬರೆದುಬಿಟ್ಟಿದ್ದೇನೆ. ಹೊಡೆದು ಹಾಕಿ ನಿನ್ನ ಬಸ್ಸು ಎಂದು ಬರೆಯೋಣವೆಂದು ಲೇಖನಿ ಹಿಡಿದು ಬಹಳ ಹೊತ್ತು ಕೂತೆ. ಕೈ ಬರಲಿಲ್ಲ.

ಇಸಾಕ್